ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವವರ ಒತ್ತಡ: ಮೈಮನಸ್ಸಿನ ಸೂಚನೆಗಳನ್ನು ಗುರುತಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪಾರ್ಶ್ವವಾಯುವಾಗಿ ಹಾಸಿಗೆ ಹಿಡಿದಿರುವ ಅತ್ತೆ, ಮರೆವಿನ ಕಾಯಿಲೆಯಿಂದ ಮಕ್ಕಳ ಗುರುತನ್ನೇ ಕಳೆದುಕೊಂಡಿರುವ ತಂದೆ, ವಾರಕ್ಕೆ ಎರಡು ಮೂರು ಬಾರಿ ಡಯಾಲಿಸಿಸ್‌ಗೆ ಕರೆದೊಯ್ಯಬೇಕಾದ ಗಂಡ, ಹುಟ್ಟಿನಿಂದಲೇ ಇನ್ನೊಬ್ಬರ ನೆರವು ಬೇಕಾದ ಮಗ ಅಥವಾ ಮಗಳು, ಇಂಥವರನ್ನು ಮನೆಯಲ್ಲಿಯೇ ನೋಡಿಕೊಳ್ಳುತ್ತಿರುವವರಿಗಾಗಿ ಈ ಪುಟವನ್ನು ಬರೆದಿದ್ದೇನೆ. ನನ್ನ ತಾಯಿಯನ್ನು ನಾಲ್ಕು ವರ್ಷ ನೋಡಿಕೊಂಡವಳು ನಾನು. ಆ ಕಾಲದಲ್ಲಿ ನನ್ನಲ್ಲಿಯೇ ಹುಟ್ಟಿದ ಪ್ರಶ್ನೆಗಳೂ ಆಮೇಲೆ ಇದೇ ಸ್ಥಿತಿಯಲ್ಲಿರುವ ಹಲವರು ನನ್ನನ್ನು ಕೇಳಿದ ಪ್ರಶ್ನೆಗಳೂ ಇಲ್ಲಿವೆ. ಇದನ್ನು ವೈದ್ಯರ ಸಲಹೆಗೆ ಬದಲಾಗಿ ಬಳಸಬಾರದು. ಮೈಯಲ್ಲಿ ಏನಾಗುತ್ತಿದೆ, ಮನಸ್ಸಿನಲ್ಲಿ ಏನೇಳುತ್ತಿದೆ ಎಂಬುದನ್ನು ಅದು ಮಿತಿಮೀರುವ ಮೊದಲೇ ಗುರುತಿಸುವುದು ಹೇಗೆ ಎಂಬಷ್ಟನ್ನೇ ಇಲ್ಲಿ ವಿವರಿಸಿದ್ದೇನೆ.

ಒತ್ತಡ ಮನಸ್ಸಿಗೆ ಸಂಬಂಧಿಸಿದ್ದಲ್ಲವೇ? ಮೈಯನ್ನು ಏಕೆ ಗಮನಿಸಬೇಕು?

ಒತ್ತಡ ಹುಟ್ಟುವುದು ಮನಸ್ಸಿನಲ್ಲಿ ಎಂದು ನಮಗೆ ಅನ್ನಿಸಿದರೂ ಅದು ಮೊದಲು ಕಾಣಿಸಿಕೊಳ್ಳುವುದು ಹೆಚ್ಚಾಗಿ ಮೈಯಲ್ಲಿಯೇ. ಅಪಾಯವಿದೆ ಎಂದು ಮಿದುಳು ಗ್ರಹಿಸಿದ ಕೂಡಲೇ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಕೆಲವೇ ಸೆಕೆಂಡುಗಳಲ್ಲಿ ಎದೆಬಡಿತ ಏರುತ್ತದೆ, ಉಸಿರು ಚುರುಕಾಗುತ್ತದೆ, ಬಾಯಿ ಒಣಗುತ್ತದೆ, ಜೀರ್ಣಾಂಗಗಳ ಕಡೆಗಿದ್ದ ರಕ್ತ ಕೈಕಾಲುಗಳ ಸ್ನಾಯುಗಳತ್ತ ತಿರುಗುತ್ತದೆ. ಹಾರ್ವರ್ಡ್‌ನ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರಲ್ಲಿ ವಿವರಿಸಿದ, ‘ಕಾದಾಡು ಇಲ್ಲವೇ ಓಡು’ ಎಂಬ ಸಿದ್ಧತೆ ಇದೇ. ಇದರ ಬೆನ್ನಿಗೇ ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನು ಬಿಡುಗಡೆಯಾಗುತ್ತದೆ. ಅದು ರಕ್ತದಲ್ಲಿ ಗರಿಷ್ಠ ಮಟ್ಟವನ್ನು ಮುಟ್ಟುವುದಕ್ಕೆ ಸುಮಾರು 20ರಿಂದ 30 ನಿಮಿಷ ಬೇಕು. ಮಾತಿನ ಚಕಮಕಿ ಐದೇ ನಿಮಿಷದಲ್ಲಿ ಮುಗಿದಿದ್ದರೂ ಅರ್ಧ ಗಂಟೆ ಕಳೆದ ಮೇಲೂ ನಮ್ಮ ಮೈ ಇನ್ನೂ ಆ ಜಗಳದಲ್ಲಿಯೇ ಇದ್ದಂತೆ ಇರುವುದಕ್ಕೆ ಇದು ಒಂದು ಕಾರಣ.

ಕಾಡಿನಲ್ಲಿ ಹುಲಿ ಎದುರಾದಾಗ ಈ ಸಿದ್ಧತೆ ಪ್ರಾಣ ಉಳಿಸೀತು. ಆದರೆ ರಾತ್ರಿ ಎರಡು ಗಂಟೆಗೆ ಮಾವನವರು ನಾಲ್ಕನೆಯ ಬಾರಿ ಕೂಗಿ ಕರೆದಾಗ ನಾವು ಕಾದಾಡುವಂತೆಯೂ ಇಲ್ಲ, ಓಡಿಹೋಗುವಂತೆಯೂ ಇಲ್ಲ. ಮೈ ಸಿದ್ಧವಾಗುತ್ತದೆ, ಆದರೆ ಆ ಸಿದ್ಧತೆ ಖರ್ಚಾಗದೆ ಭುಜದಲ್ಲಿ, ದವಡೆಯಲ್ಲಿ, ಹೊಟ್ಟೆಯಲ್ಲಿ ಉಳಿದುಬಿಡುತ್ತದೆ. ಅದು ಎಲ್ಲೆಲ್ಲಿ ಉಳಿದಿದೆ ಎಂದು ತಿಳಿಯುವುದರಿಂದಲೇ ನಮ್ಮ ಕೆಲಸ ಆರಂಭವಾಗಬೇಕು.

ಎಲ್ಲರಿಗೂ ಒತ್ತಡವಿದೆ. ಆರೈಕೆ ಮಾಡುವವರ ಒತ್ತಡದಲ್ಲಿ ಅಂಥ ವಿಶೇಷವೇನು?

ಅದಕ್ಕೆ ಮುಗಿಯುವ ದಿನವೊಂದು ಇರುವುದಿಲ್ಲ. ಪರೀಕ್ಷೆಗೆ ದಿನಾಂಕವಿದೆ, ಸಾಲಕ್ಕೆ ಕಂತುಗಳಿವೆ. ಆರೈಕೆ ಯಾವಾಗ ಮುಗಿಯುತ್ತದೆ ಎಂದು ಕೇಳಿಕೊಳ್ಳುವುದೇ ತಪ್ಪು ಎಂಬಂಥ ಭಾವನೆ ನಮ್ಮ ಮನೆಗಳಲ್ಲಿದೆ. ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳ ಆಧಾರದ ಮೇಲೆ 1936ರಲ್ಲಿ ತೋರಿಸಿದ್ದು ಇದನ್ನೇ: ಕಷ್ಟ ಎದುರಾದಾಗ ಮೈ ಮೊದಲು ಎಚ್ಚೆತ್ತುಕೊಳ್ಳುತ್ತದೆ, ನಂತರ ಹೊಂದಿಕೊಂಡು ತಡೆದುಕೊಳ್ಳುತ್ತದೆ, ಕಷ್ಟ ನಿಲ್ಲದೆ ಮುಂದುವರಿದರೆ ಕೊನೆಗೆ ಸೋತುಹೋಗುತ್ತದೆ. ಇವುಗಳಲ್ಲಿ ಎರಡನೆಯ ಹಂತವೇ ನಮ್ಮನ್ನು ಹೆಚ್ಚು ಮೋಸಗೊಳಿಸುವಂಥದ್ದು. ‘ನನಗೆ ಅಭ್ಯಾಸವಾಗಿಹೋಗಿದೆ’ ಎಂದು ಹೇಳುವವರು ಬಹುಪಾಲು ಆ ಹಂತದಲ್ಲಿರುತ್ತಾರೆ.

1995ರಲ್ಲಿ ಅಮೆರಿಕದ ಓಹಾಯೋದಲ್ಲಿ ಜಾನಿಸ್ ಕೀಕೋಲ್ಟ್-ಗ್ಲೇಸರ್ ಮತ್ತು ಸಂಗಡಿಗರು ಒಂದು ಸಣ್ಣ, ಆದರೆ ಮರೆಯಲಾಗದ ಅಧ್ಯಯನವನ್ನು ಪ್ರಕಟಿಸಿದರು. ಮರೆವಿನ ಕಾಯಿಲೆಯ ಬಂಧುಗಳನ್ನು ನೋಡಿಕೊಳ್ಳುತ್ತಿದ್ದ 13 ಮಹಿಳೆಯರಿಗೂ ಅಂಥ ಹೊಣೆಯಿಲ್ಲದ, ಹೆಚ್ಚುಕಡಿಮೆ ಅದೇ ವಯಸ್ಸಿನ 13 ಮಹಿಳೆಯರಿಗೂ ಚರ್ಮದಲ್ಲಿ ಮೂರೂವರೆ ಮಿಲಿಮೀಟರಿನ ಪುಟ್ಟ ಗಾಯ ಮಾಡಿ, ಅದು ಮಾಯುವುದಕ್ಕೆ ಎಷ್ಟು ದಿನ ಬೇಕಾಗುತ್ತದೆ ಎಂದು ನೋಡಿದರು. ಆರೈಕೆ ಮಾಡುತ್ತಿದ್ದವರ ಗಾಯ ಮಾಯುವುದಕ್ಕೆ ಸರಾಸರಿ 9 ದಿನ ಹೆಚ್ಚು ಬೇಕಾಯಿತು. ಒಳಗಿನ ದಣಿವು ಚರ್ಮದ ಮೇಲೂ ಲೆಕ್ಕಕ್ಕೆ ಸಿಗುತ್ತದೆ ಎಂದು ತಿಳಿದ ಮೇಲೆ, ‘ಎಲ್ಲ ನಿನ್ನ ಮನಸ್ಸಿನ ಭ್ರಮೆ’ ಎನ್ನುವವರ ಮಾತಿಗೆ ನಾವು ಕುಗ್ಗಬೇಕಾಗಿಲ್ಲ.

ಮೈ ಕೊಡುವ ಸೂಚನೆಗಳು ಯಾವುವು? ಅವುಗಳನ್ನು ಗುರುತಿಸುವುದು ಹೇಗೆ?

ಇದಕ್ಕೆ ನಮ್ಮ ಭಾಷೆಯಷ್ಟು ಒಳ್ಳೆಯ ಕೈಪಿಡಿ ಬೇರೊಂದಿಲ್ಲ. ಗಾಬರಿಯಾದರೆ ‘ಎದೆ ಧಸಕ್ಕೆಂದಿತು’ ಎನ್ನುತ್ತೇವೆ, ಸಿಟ್ಟಿಗೆ ‘ಮೈ ಉರಿದುಹೋಯಿತು’, ದುಃಖಕ್ಕೆ ‘ಗಂಟಲು ಕಟ್ಟಿತು’, ಆತಂಕಕ್ಕೆ ‘ಹೊಟ್ಟೆಯಲ್ಲಿ ತಳಮಳ’, ಭಯಕ್ಕೆ ‘ಜಂಘಾಬಲವೇ ಉಡುಗಿತು’, ಸಹನೆಗೆ ‘ಹಲ್ಲು ಕಚ್ಚಿಕೊಂಡು’, ದಣಿವಿಗೆ ‘ಹಿಂಡಿ ಹಿಪ್ಪೆಯಾಯಿತು’ ಎನ್ನುತ್ತೇವೆ. ದಿನವೂ ಬಳಸಿ ಬಳಸಿ ಇವು ನಮಗೆ ಬರಿಯ ಮಾತುಗಳಾಗಿವೆ. ಇವುಗಳನ್ನು ಅಕ್ಷರಶಃ ತೆಗೆದುಕೊಳ್ಳಿ ಎಂಬುದೇ ನನ್ನ ಮೊದಲ ಸಲಹೆ. ಹಲ್ಲು ಕಚ್ಚಿಕೊಂಡು ದಿನ ತಳ್ಳುತ್ತಿದ್ದೇನೆ ಎಂದು ಹೇಳುವಾಗ ಹಲ್ಲುಗಳು ನಿಜವಾಗಿಯೂ ಒಂದಕ್ಕೊಂದು ಒತ್ತಿಕೊಂಡಿವೆಯೇ ಎಂದು ನೋಡಿ. ವಿರಾಮದ ಸ್ಥಿತಿಯಲ್ಲಿ ತುಟಿಗಳು ಮುಚ್ಚಿದ್ದರೂ ಮೇಲಿನ ಮತ್ತು ಕೆಳಗಿನ ಹಲ್ಲುಗಳು ತಾಗಿರಬಾರದು. ತಾಗಿವೆ ಎಂದಾದರೆ ದವಡೆ ನಿಮಗೇ ತಿಳಿಯದಂತೆ ದುಡಿಯುತ್ತಿದೆ ಎಂದರ್ಥ.

ಭರತನ ನಾಟ್ಯಶಾಸ್ತ್ರ ಎಂಟು ಸಾತ್ತ್ವಿಕ ಭಾವಗಳನ್ನು ಹೇಳುತ್ತದೆ: ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ. ಎಂದರೆ ಮೈ ಸ್ತಬ್ಧವಾಗುವುದು, ಬೆವರುವುದು, ಕೂದಲು ನಿಮಿರುವುದು, ದನಿ ಒಡೆಯುವುದು, ನಡುಗುವುದು, ಬಣ್ಣಗೆಡುವುದು, ಕಣ್ಣೀರು, ಎಚ್ಚರ ತಪ್ಪುವುದು. ಪಾತ್ರದ ಒಳಗಿನ ಭಾವವನ್ನು ಪ್ರೇಕ್ಷಕರು ಈ ಗುರುತುಗಳಿಂದ ಓದುತ್ತಾರೆ. ರಂಗದ ಮೇಲಿರುವವರ ಮೈಯನ್ನು ಇಷ್ಟು ಸೂಕ್ಷ್ಮವಾಗಿ ಓದಬಲ್ಲ ನಾವು ನಮ್ಮ ಮೈಯನ್ನು ಓದಲು ಕಲಿಯುವುದು ಅಸಾಧ್ಯವೇನಲ್ಲ.

ಮನೆಯಲ್ಲಿ ಆರೈಕೆ ಮಾಡುವವರು ಮುಖ್ಯವಾಗಿ ಗಮನಿಸಬೇಕಾದ ಜಾಗಗಳು ಕೆಲವಿವೆ. ಭುಜಗಳು ಕಿವಿಯ ಕಡೆಗೆ ಏರಿವೆಯೇ? ಉಸಿರು ಹೊಟ್ಟೆಯವರೆಗೆ ಇಳಿಯುತ್ತಿದೆಯೇ, ಎದೆಯ ಮೇಲ್ಭಾಗದಲ್ಲಿಯೇ ನಿಲ್ಲುತ್ತಿದೆಯೇ? ಊಟವನ್ನು ಅಗಿದು ನುಂಗುತ್ತಿದ್ದೀರೋ, ಬರಿದೇ ತುರುಕಿಕೊಳ್ಳುತ್ತಿದ್ದೀರೋ? ಮೂತ್ರಕ್ಕೆ ಹೋಗಬೇಕು ಎನ್ನಿಸಿ ಎಷ್ಟು ಹೊತ್ತಾಯಿತು? ಕೊನೆಯ ಪ್ರಶ್ನೆಯನ್ನು ಕೇಳಿದಾಗ ಹಲವು ಹೆಣ್ಣುಮಕ್ಕಳು ಮೌನವಾಗುತ್ತಾರೆ. ರೋಗಿಯ ಮೂತ್ರದ ಚೀಲ ಎಷ್ಟು ತುಂಬಿದೆ ಎಂದು ಗಂಟೆಗೊಮ್ಮೆ ನೋಡುವವರು ತಮ್ಮ ಮೈಯ ಅಗತ್ಯವನ್ನು ಮಧ್ಯಾಹ್ನದವರೆಗೂ ಮುಂದೂಡಿರುತ್ತಾರೆ.

ನನಗೆ ಎಲ್ಲವೂ ‘ಟೆನ್ಷನ್’ ಅನ್ನಿಸುತ್ತದೆ, ಅಷ್ಟೇ. ಭಾವನೆಗಳನ್ನು ಬೇರೆ ಬೇರೆಯಾಗಿ ಗುರುತಿಸಬೇಕೇ?

ಗುರುತಿಸುವುದರಿಂದ ನಿಜವಾದ ಪ್ರಯೋಜನವಿದೆ. ಕ್ಯಾಲಿಫೋರ್ನಿಯಾದ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಿಟ್ಟು ಅಥವಾ ಭಯ ತುಂಬಿದ ಮುಖಗಳ ಚಿತ್ರಗಳನ್ನು ನೋಡಿ ಆ ಭಾವನೆಗೆ ಸರಿಯಾದ ಹೆಸರನ್ನು ಆರಿಸಿದಾಗ, ಮಿದುಳಿನಲ್ಲಿ ಅಪಾಯದ ಗಂಟೆ ಬಾರಿಸುವ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ಕಡಿಮೆಯಾದದ್ದು ಕಂಡುಬಂದಿತು. ಹೆಸರಿಟ್ಟ ಮಾತ್ರಕ್ಕೆ ಕಷ್ಟ ಕರಗಿಹೋಗುವುದಿಲ್ಲ, ಆದರೆ ಹಿಡಿತ ಸ್ವಲ್ಪ ಸಡಿಲವಾಗುತ್ತದೆ.

‘ಟೆನ್ಷನ್’ ಎಂಬ ಒಂದೇ ಮಾತಿನ ಕೆಳಗೆ ನಾವು ಬಚ್ಚಿಟ್ಟಿರುವ ಭಾವನೆಗಳು ಹಲವು. ಬೆಂಗಳೂರಿನಲ್ಲೋ ಬೋಸ್ಟನ್‌ನಲ್ಲೋ ಇದ್ದು ಫೋನಿನಲ್ಲಿ ಮಾತ್ರ ವಿಚಾರಿಸುವ ಅಣ್ಣನ ಮೇಲೆ ಸಿಟ್ಟಿರಬಹುದು. ಆಸ್ಪತ್ರೆಯ ಬಿಲ್ಲಿನ ಬಗ್ಗೆ ಭಯವಿರಬಹುದು. ಮಲ ತೊಳೆಯುವಾಗ ಅಸಹ್ಯವಾಗಬಹುದು, ಅಸಹ್ಯಪಟ್ಟೆನಲ್ಲಾ ಎಂದು ಮರುಕ್ಷಣವೇ ನಾಚಿಕೆಯಾಗಬಹುದು. ಮದುವೆಮನೆಗೆ ಹೊರಟ ನೆರೆಮನೆಯವರನ್ನು ಕಿಟಕಿಯಿಂದ ನೋಡಿದಾಗ ಹೊಟ್ಟೆಕಿಚ್ಚೂ ಆಗಬಹುದು. ಇವುಗಳಲ್ಲಿ ಪ್ರತಿಯೊಂದೂ ಬೇರೆ ಬೇರೆ ಪರಿಹಾರವನ್ನು ಬೇಡುತ್ತದೆ. ಬಿಲ್ಲಿನ ಭಯಕ್ಕೆ ಲೆಕ್ಕ ಬರೆಯುವುದು ಬೇಕು, ಅಣ್ಣನ ಮೇಲಿನ ಸಿಟ್ಟಿಗೆ ಅಣ್ಣನೊಡನೆ ನೇರ ಮಾತು ಬೇಕು. ಅಸಹ್ಯವಾದಾಗ ಕೈಗವಸು ತೊಟ್ಟು ಕಿಟಕಿ ತೆರೆದುಕೊಂಡರೆ ಸಾಕಾಗುತ್ತದೆ, ಪಶ್ಚಾತ್ತಾಪದ ಅಗತ್ಯವಿಲ್ಲ. ಎಲ್ಲವನ್ನೂ ಟೆನ್ಷನ್ ಎಂದು ಒಂದೇ ಗಂಟು ಕಟ್ಟಿಟ್ಟರೆ ಯಾವುದಕ್ಕೂ ದಾರಿ ಕಾಣುವುದಿಲ್ಲ.

ಮೈಯ ಕಡೆ ಗಮನ ಕೊಟ್ಟಷ್ಟೂ ಗಾಬರಿ ಹೆಚ್ಚಾಗುತ್ತದೆ. ಇದು ಸರಿಯೇ?

ಕೆಲವರಿಗೆ ಹಾಗಾಗುತ್ತದೆ ಮತ್ತು ಅದು ಅವರ ದೋಷವಲ್ಲ. ಹಠಾತ್ತಾಗಿ ತೀವ್ರ ಭಯ ಬರುವ ತೊಂದರೆ ಇರುವವರು, ಹಿಂದೆ ದೊಡ್ಡ ಆಘಾತವನ್ನು ಅನುಭವಿಸಿದವರು ತಮ್ಮ ಎದೆಬಡಿತವನ್ನು ಗಮನಿಸಲು ಹೋದರೆ ಅದೇ ಭಯಕ್ಕೆ ಕಾರಣವಾಗಬಹುದು. ಅಂಥವರು ಒಳಗಿನಿಂದ ಆರಂಭಿಸಬಾರದು. ಪಾದಗಳು ನೆಲಕ್ಕೆ ತಾಗಿರುವುದು, ಕೈಯಲ್ಲಿರುವ ಲೋಟದ ಬಿಸಿ, ಹೊರಗೆ ತರಕಾರಿ ಗಾಡಿಯವರ ಕೂಗು, ಹೀಗೆ ಹೊರಗಿನ ಸಂಗತಿಗಳನ್ನು ಹಿಡಿದುಕೊಂಡು, ಆಮೇಲೆ ಕೆಲವೇ ಕ್ಷಣ ಒಳಗೆ ನೋಡಿ ಮತ್ತೆ ಹೊರಗೆ ಬರಬೇಕು. ಹಾಗೆ ಮಾಡಿದರೂ ಕಷ್ಟವೆನಿಸಿದರೆ ಒಬ್ಬರೇ ಮುಂದುವರಿಯದೆ ಮನೋವೈದ್ಯರ ಅಥವಾ ಆಪ್ತಸಮಾಲೋಚಕರ ಜೊತೆಯಲ್ಲಿ ಮಾಡುವುದು ಒಳ್ಳೆಯದು.

ಇನ್ನೊಂದು ವ್ಯತ್ಯಾಸವನ್ನೂ ತಿಳಿದಿರಬೇಕು. ‘ಎದೆ ಬಡಿದುಕೊಳ್ಳುತ್ತಿದೆ’ ಎಂದು ನೋಡುವುದು ಗಮನ, ‘ಎದೆ ಬಡಿದುಕೊಳ್ಳುತ್ತಿದೆ, ನನಗೂ ಏನೋ ಆಗಿಬಿಟ್ಟರೆ ಅಮ್ಮನ ಗತಿಯೇನು’ ಎಂದು ಮುಂದಕ್ಕೆ ಓಡುವುದು ಚಿಂತೆ. ಮನಸ್ಸು ಎರಡನೆಯದಕ್ಕೆ ಜಾರುವುದು ಸಹಜ. ಜಾರಿದ್ದು ತಿಳಿದಾಗ ಮೊದಲ ಅರ್ಧ ವಾಕ್ಯಕ್ಕೆ ಮರಳಿದರೆ ಸಾಕು.

ನನಗೆ ಕೂತು ಧ್ಯಾನ ಮಾಡುವಷ್ಟು ಬಿಡುವಿಲ್ಲ. ಏನು ಮಾಡಲಿ?

ಕೂರಬೇಕಾಗಿಲ್ಲ. ದಿನದಲ್ಲಿ ಹೇಗೂ ಮಾಡಲೇಬೇಕಾದ ಮೂರು ಕೆಲಸಗಳನ್ನು ಆರಿಸಿಕೊಳ್ಳಿ. ಬೆಳಿಗ್ಗೆ ಹಾಲು ಉಕ್ಕುವುದನ್ನು ಕಾಯುವ ಹೊತ್ತು, ಔಷಧಿ ಕೊಟ್ಟ ಮೇಲೆ ಕೈ ತೊಳೆಯುವ ಹೊತ್ತು, ರಾತ್ರಿ ದೀಪ ಆರಿಸುವ ಹೊತ್ತು ಇರಲಿ. ಆ ಪ್ರತಿಯೊಂದು ಸಮಯದಲ್ಲಿಯೂ ಮೂರು ಸಂಗತಿಗಳನ್ನು ಮಾತ್ರ ಕೇಳಿಕೊಳ್ಳಿ: ಮೈಯಲ್ಲಿ ಎಲ್ಲಿ ಬಿಗಿತವಿದೆ, ಉಸಿರು ಹೇಗಿದೆ, ಈಗಿನ ಭಾವನೆಗೆ ಹೆಸರೇನು? ಉತ್ತರ ಸಿಗದಿದ್ದರೂ ಪರವಾಗಿಲ್ಲ. ಏನನ್ನೂ ಬದಲಿಸಲು ಹೊರಡಬೇಡಿ. ಮೊದಲ ಎರಡು ವಾರ ನೋಡುವುದೊಂದೇ ಕೆಲಸ.

ನನಗೆ ಹೀಗೆ ಕೈ ತೊಳೆಯುವಾಗಲೇ ಮೊದಲ ಬಾರಿಗೆ ತಿಳಿದದ್ದು, ಅಮ್ಮನ ಕೋಣೆಗೆ ಹೋಗುವ ಮುನ್ನ ನಾನು ಉಸಿರು ಬಿಗಿಹಿಡಿಯುತ್ತಿದ್ದೆ ಎಂದು. ಎಷ್ಟು ತಿಂಗಳಿಂದ ಹಾಗೆ ಮಾಡುತ್ತಿದ್ದೆನೋ ತಿಳಿಯದು. ತಿಳಿದ ಮೇಲೆ ಬಾಗಿಲ ಬಳಿ ಒಂದು ಕ್ಷಣ ನಿಂತು, ಉಸಿರನ್ನು ಪೂರ್ತಿ ಬಿಟ್ಟು, ಆಮೇಲೆ ಒಳಗೆ ಹೋಗುವ ರೂಢಿ ಮಾಡಿಕೊಂಡೆ. ಕೋಣೆಯಲ್ಲಿದ್ದ ಕಷ್ಟ ಹಾಗೆಯೇ ಇತ್ತು, ಆದರೆ ಅಮ್ಮ ನನ್ನ ಮುಖ ನೋಡಿ ‘ಏನಾಯಿತೇ’ ಎಂದು ಕೇಳುವುದು ಕಡಿಮೆಯಾಯಿತು.

ಸಿಟ್ಟಿನಲ್ಲಿ ರೋಗಿಯ ಮೇಲೆ ಕೂಗಿಬಿಟ್ಟೆ. ಆಮೇಲೆ ಇಡೀ ದಿನ ಅಳು ಬಂತು. ಇದನ್ನು ತಡೆಯುವುದು ಹೇಗೆ?

ಈ ಪ್ರಶ್ನೆಯನ್ನು ಕೇಳುವವರೇ ಹೆಚ್ಚು, ಮತ್ತು ಬಹುತೇಕರು ಇದನ್ನು ತಗ್ಗಿದ ದನಿಯಲ್ಲಿ ಕೇಳುತ್ತಾರೆ. ಕೂಗಾಟ ಒಮ್ಮೆಗೇ ಬಂದಂತೆ ಕಂಡರೂ ಹಾಗೆ ಬರುವುದಿಲ್ಲ. ಹಿಂದಿರುಗಿ ನೋಡಿದರೆ ಅದಕ್ಕೆ ಮೊದಲು ಒಂದು ಸರಪಣಿಯೇ ಇರುತ್ತದೆ: ರಾತ್ರಿ ನಿದ್ರೆ ಕೆಟ್ಟಿತ್ತು, ಬೆಳಗಿನ ತಿಂಡಿ ಹನ್ನೊಂದು ಗಂಟೆಯಾದರೂ ಆಗಿರಲಿಲ್ಲ, ಅಷ್ಟರಲ್ಲಿ ಯಾರೋ ಫೋನ್ ಮಾಡಿ ‘ಚೆನ್ನಾಗಿ ನೋಡಿಕೋ’ ಎಂದು ಉಪದೇಶ ಮಾಡಿದರು, ಕುತ್ತಿಗೆಯ ಹಿಂಭಾಗ ಬಿಸಿಯಾಯಿತು, ಕೈಯ ಕೆಲಸ ಒರಟಾಯಿತು, ಪಾತ್ರೆಯ ಸದ್ದು ಹೆಚ್ಚಾಯಿತು. ಇಷ್ಟೆಲ್ಲ ಆದ ಮೇಲೆ ರೋಗಿ ಅನ್ನ ಉಗುಳಿದರು. ಉಗುಳಿದ ಅನ್ನ ಕೊನೆಯ ಕೊಂಡಿ ಮಾತ್ರ.

ಆದ್ದರಿಂದ ಕೂಗಾಡಿದ ದಿನ ನಿಮ್ಮನ್ನು ನೀವು ಶಪಿಸಿಕೊಳ್ಳುವುದರ ಬದಲು, ಅಳು ನಿಂತ ಮೇಲೆ ಆ ಸರಪಣಿಯನ್ನು ಹಿಂದಿನಿಂದ ಮುಂದಕ್ಕೆ ಬರೆಯಿರಿ. ನಾಲ್ಕಾರು ಬಾರಿ ಬರೆದರೆ ನಿಮ್ಮದೇ ಒಂದು ಗುರುತು ಸಿಗುತ್ತದೆ. ಕೆಲವರಿಗೆ ಕಿವಿ ಬಿಸಿಯಾಗುತ್ತದೆ, ಕೆಲವರಿಗೆ ದನಿ ಸಣ್ಣದಾಗಿ ನಡುಗುತ್ತದೆ, ಇನ್ನು ಕೆಲವರು ರೋಗಿಯನ್ನು ಹೆಸರಿಟ್ಟು ಅಥವಾ ಸಂಬಂಧ ಹೇಳಿ ಕರೆಯುವುದನ್ನು ನಿಲ್ಲಿಸಿ ‘ನೋಡಿ’, ‘ಏಳಿ’ ಎಂದಷ್ಟೇ ಹೇಳತೊಡಗುತ್ತಾರೆ. ನಿಮ್ಮ ಗುರುತು ಯಾವುದೋ ಅದು ಕಂಡ ಕೂಡಲೇ, ರೋಗಿಯನ್ನು ಬೀಳದಂತೆ ಸುರಕ್ಷಿತವಾಗಿ ಕೂರಿಸಿ ಅಥವಾ ಮಲಗಿಸಿ, ‘ಬಂದೆ’ ಎಂದು ಹೇಳಿ, ಐದು ನಿಮಿಷ ಹಿತ್ತಿಲಿಗೋ ಬಾಲ್ಕನಿಗೋ ಹೋಗಿ. ಮಗುವೊಂದು ಅತ್ತು ಹಠ ಮಾಡಿದಾಗ ಅಜ್ಜಿಯರು ಎತ್ತಿಕೊಂಡು ಹೊರಗೆ ಕರೆದೊಯ್ಯುತ್ತಿದ್ದುದು ನೆನಪಿರಬಹುದು. ಅದೇ ಕರುಣೆಯನ್ನು ನಿಮಗೂ ತೋರಿಸಿಕೊಳ್ಳಿ. ಹಿಂತಿರುಗಿ ಬಂದು ಕ್ಷಮೆ ಕೇಳುವುದಿದ್ದರೆ ಕೇಳಿ. ಅರ್ಥವಾಗದ ಸ್ಥಿತಿಯಲ್ಲಿರುವ ರೋಗಿಗೂ ದನಿಯ ಮೃದುತ್ವ ತಲುಪುತ್ತದೆ.

ಕೂಗಾಟ ಹೊಡೆತಕ್ಕೆ ತಿರುಗಿದ್ದರೆ, ಅಥವಾ ತಿರುಗಬಹುದು ಎಂಬ ಭಯವಿದ್ದರೆ, ಇದು ಒಬ್ಬರೇ ನಿಭಾಯಿಸುವ ಹಂತವನ್ನು ದಾಟಿದೆ. ಅಂದೇ ಇನ್ನೊಬ್ಬರನ್ನು ಮನೆಗೆ ಕರೆಸಿಕೊಳ್ಳಿ ಮತ್ತು ತಜ್ಞರ ನೆರವು ಪಡೆಯಿರಿ.

‘ಇದೆಲ್ಲ ಬೇಗ ಮುಗಿದುಹೋಗಬಾರದೇ’ ಎಂದು ಮನಸ್ಸಿಗೆ ಬರುತ್ತದೆ. ನಾನು ಕೆಟ್ಟವಳೇ?

ಅಲ್ಲ. ಬಹುಕಾಲ ಆರೈಕೆ ಮಾಡಿದವರಲ್ಲಿ ಇದು ಬಹಳ ಸಾಮಾನ್ಯವಾದ ಆಲೋಚನೆ, ಮತ್ತು ಪ್ರೀತಿ ಇರುವಲ್ಲಿಯೂ ಬರುತ್ತದೆ. ಆ ಮಾತಿನ ಒಳಗೆ ಸಾಮಾನ್ಯವಾಗಿ ಎರಡು ಸಂಗತಿಗಳು ಹೆಣೆದುಕೊಂಡಿರುತ್ತವೆ. ಅವರ ನರಳಾಟ ನಿಲ್ಲಲಿ ಎಂಬುದು ಒಂದು, ನನಗೆ ವಿಶ್ರಾಂತಿ ಸಿಗಲಿ ಎಂಬುದು ಇನ್ನೊಂದು. ಎರಡೂ ನ್ಯಾಯವಾದ ಬಯಕೆಗಳೇ. ಆಲೋಚನೆ ಬಂದ ಕ್ಷಣದಲ್ಲಿ ಮೈ ಹೇಗಿದೆ ಎಂದು ನೋಡಿದರೆ ಬಹುಪಾಲು ತೀರದ ದಣಿವೇ ಕಾಣುತ್ತದೆ. ಆದರೆ ಈ ಆಲೋಚನೆ ‘ನಾನೇ ಇಲ್ಲದಿದ್ದರೆ ಚೆನ್ನಾಗಿತ್ತು’ ಎಂಬ ಕಡೆಗೆ ತಿರುಗಿದರೆ ತಡಮಾಡಬೇಡಿ. ಈ ಪುಟದ ಕೊನೆಯ ಭಾಗದಲ್ಲಿರುವ ಸಂಖ್ಯೆಗೆ ಈಗಲೇ ಕರೆ ಮಾಡಿ, ಒಬ್ಬರೇ ಇರಬೇಡಿ.

ಉಸಿರಾಟದಿಂದ ನಿಜವಾಗಿಯೂ ಪ್ರಯೋಜನವಿದೆಯೇ?

ಇದೆ, ಮತ್ತು ಅದರ ಹಿಂದಿನ ಕಾರಣ ಸರಳವಾಗಿದೆ. ಉಸಿರು ಎಳೆದುಕೊಳ್ಳುವಾಗ ಎದೆಬಡಿತ ಸ್ವಲ್ಪ ಏರುತ್ತದೆ, ಬಿಡುವಾಗ ಸ್ವಲ್ಪ ಇಳಿಯುತ್ತದೆ. ಮಿದುಳಿನಿಂದ ಹೊಟ್ಟೆಯವರೆಗೆ ಇಳಿಯುವ ವೇಗಸ್ ಎಂಬ ನರ ಹೃದಯಕ್ಕೆ ಲಗಾಮಿನಂತೆ ಕೆಲಸ ಮಾಡುತ್ತದೆ, ಮತ್ತು ಉಸಿರು ಬಿಡುವ ಹೊತ್ತಿನಲ್ಲಿ ಆ ಲಗಾಮು ಬಿಗಿಯಾಗುತ್ತದೆ. ವಯಸ್ಕರು ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತಾರೆ. ಅದನ್ನು ನಿಧಾನವಾಗಿ 6ರ ಆಸುಪಾಸಿಗೆ ತಂದು, ಎಳೆದುಕೊಳ್ಳುವುದಕ್ಕಿಂತ ಬಿಡುವುದನ್ನು ಉದ್ದವಾಗಿಸಿದರೆ ಕೆಲವೇ ನಿಮಿಷಗಳಲ್ಲಿ ವ್ಯತ್ಯಾಸ ತಿಳಿಯುತ್ತದೆ. ಮನಸ್ಸಿನಲ್ಲಿಯೇ ನಾಲ್ಕು ಎಣಿಸುತ್ತ ಎಳೆದುಕೊಳ್ಳಿ, ಆರು ಎಣಿಸುತ್ತ ಬಿಡಿ. ತಲೆ ಸುತ್ತಿದಂತಾದರೆ ನಿಲ್ಲಿಸಿ ಸಹಜವಾಗಿ ಉಸಿರಾಡಿ. ‘ದೀರ್ಘವಾಗಿ ಉಸಿರೆಳೆದುಕೊಳ್ಳಿ’ ಎಂದು ಎಲ್ಲರೂ ಹೇಳುತ್ತಾರೆ, ನಾನು ‘ನಿಧಾನವಾಗಿ ಬಿಡಿ’ ಎಂದು ಹೇಳಲು ಬಯಸುತ್ತೇನೆ.

ಭುಜ, ಕುತ್ತಿಗೆ, ಬೆನ್ನು ಸದಾ ನೋಯುತ್ತವೆ. ಇದೂ ಒತ್ತಡವೇ?

ಎರಡು ಕಾರಣಗಳಿರಬಹುದು. ರೋಗಿಯನ್ನು ಎತ್ತಿ ಕೂರಿಸುವಾಗ ಸೊಂಟ ಬಾಗಿಸಿ ಎತ್ತುತ್ತಿದ್ದರೆ ಅದು ಒತ್ತಡದ ನೋವಲ್ಲ, ಭಾರದ ನೋವು. ಮಂಡಿ ಬಾಗಿಸಿ, ರೋಗಿಯನ್ನು ಮೈಗೆ ಹತ್ತಿರ ಹಿಡಿದು ಎತ್ತುವ ಕ್ರಮವನ್ನು ಫಿಸಿಯೋಥೆರಪಿಯವರಿಂದ ಒಮ್ಮೆ ಕಲಿತುಕೊಳ್ಳಲೇಬೇಕು. ಇನ್ನೊಂದು, ಕೆಲಸವಿಲ್ಲದ ಹೊತ್ತಿನಲ್ಲಿಯೂ ಸ್ನಾಯುಗಳು ಬಿಗಿಯಾಗಿಯೇ ಉಳಿಯುವುದು. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ ಸುಮಾರು ನೂರು ವರ್ಷಗಳ ಹಿಂದೆ ರೂಪಿಸಿದ ಕ್ರಮ ಇದಕ್ಕೆ ಇಂದಿಗೂ ಬಳಕೆಯಲ್ಲಿದೆ. ಸ್ನಾಯುವೊಂದನ್ನು ಬೇಕೆಂದೇ ಐದಾರು ಸೆಕೆಂಡು ಬಿಗಿಮಾಡಿ ನಂತರ ಸಡಿಲಬಿಟ್ಟರೆ, ಬಿಗಿತಕ್ಕೂ ಸಡಿಲಿಕೆಗೂ ಇರುವ ವ್ಯತ್ಯಾಸವನ್ನು ಮಿದುಳು ಮತ್ತೆ ಕಲಿಯುತ್ತದೆ ಎಂಬುದು ಅದರ ತಿರುಳು. ಮುಷ್ಟಿಯಿಂದ ಆರಂಭಿಸಿ ತೋಳು, ಭುಜ, ಮುಖ, ಹೊಟ್ಟೆ, ಕಾಲುಗಳವರೆಗೆ ಒಂದೊಂದಾಗಿ ಮಾಡಬಹುದು. ಶವಾಸನ ಗೊತ್ತಿರುವವರು ಅದರಲ್ಲಿ ಮಲಗಿಯೇ ಮಾಡಬಹುದು.

ಕಾಫಿ ಬಿಡಬೇಕೇ?

ಬಿಡಬೇಕಾಗಿಲ್ಲ. ಕೆಫೀನಿನ ಅರ್ಧದಷ್ಟು ಮೈಯಿಂದ ಹೊರಹೋಗಲು ಸುಮಾರು 5 ಗಂಟೆ ಬೇಕು. ಸಂಜೆ ಆರರ ಫಿಲ್ಟರ್ ಕಾಫಿ ರಾತ್ರಿ ಹನ್ನೊಂದಕ್ಕೂ ಅರ್ಧ ಲೋಟದಷ್ಟು ಉಳಿದಿರುತ್ತದೆ. ಮಧ್ಯಾಹ್ನದ ನಂತರ ಕುಡಿಯದಿರುವುದು ಲೇಸು. ಕಾಫಿಯಿಂದ ಬಂದ ಎದೆಬಡಿತವನ್ನು ಆತಂಕವೆಂದು ತಪ್ಪಾಗಿ ಓದುವ ಸಾಧ್ಯತೆಯೂ ಇದೆ.

ಎದೆ ಬಿಗಿದಂತಾಗುತ್ತದೆ. ಇದು ಒತ್ತಡವೋ ಹೃದಯದ ತೊಂದರೆಯೋ ಹೇಗೆ ತಿಳಿಯುವುದು?

ಮನೆಯಲ್ಲಿ ಕುಳಿತು ಇದನ್ನು ತೀರ್ಮಾನಿಸಲು ಹೋಗಬಾರದು. ಎದೆಯಲ್ಲಿ ಒತ್ತಿದಂಥ ನೋವು, ಅದು ಎಡತೋಳು, ದವಡೆ ಅಥವಾ ಬೆನ್ನಿಗೆ ಹರಡುವುದು, ತಣ್ಣನೆಯ ಬೆವರು, ಉಸಿರುಗಟ್ಟುವಿಕೆ ಇವುಗಳಲ್ಲಿ ಯಾವುದು ಕಾಣಿಸಿಕೊಂಡರೂ ಉಸಿರಾಟದ ಅಭ್ಯಾಸ ಮಾಡುತ್ತ ಕಾಯದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಿ. ಹೆಂಗಸರಲ್ಲಿ ಹೃದಯಾಘಾತ ಕೆಲವೊಮ್ಮೆ ಎದೆನೋವಿಗಿಂತ ವಿಪರೀತ ಆಯಾಸ, ವಾಕರಿಕೆ, ದವಡೆ ನೋವಿನ ರೂಪದಲ್ಲಿ ಬರುತ್ತದೆ ಎಂಬುದು ನೆನಪಿರಲಿ. ಹಾಗೆಯೇ ಸದಾ ಸುಸ್ತು, ಕೂದಲು ಉದುರುವುದು, ಎದೆ ಡವಡವ ಎನ್ನುವುದು ರಕ್ತಹೀನತೆಯಿಂದಲೋ ಥೈರಾಯ್ಡ್ ತೊಂದರೆಯಿಂದಲೋ ಆಗಿರಬಹುದು. ರೋಗಿಯ ರಕ್ತಪರೀಕ್ಷೆಗೆ ಹೋದ ದಿನವೇ ನಿಮ್ಮದನ್ನೂ ಮಾಡಿಸಿಕೊಳ್ಳಿ, ನಿಮ್ಮ ಬಿ.ಪಿ.ಯನ್ನೂ ನೋಡಿಸಿಕೊಳ್ಳಿ.

ಗಮನಿಸಿದೆ, ಹೆಸರಿಟ್ಟೆ, ಉಸಿರಾಡಿದೆ. ಕೆಲಸವಂತೂ ಕಡಿಮೆಯಾಗಲಿಲ್ಲ. ಇದರಿಂದೇನು ಬಂತು?

ಈ ಪ್ರಶ್ನೆಯನ್ನು ನಾನು ಗೌರವದಿಂದ ಎತ್ತಿಕೊಳ್ಳುತ್ತೇನೆ, ಏಕೆಂದರೆ ಇದರಲ್ಲಿ ಸತ್ಯವಿದೆ. ಹದಿನೆಂಟು ಗಂಟೆ ಒಬ್ಬಳೇ ದುಡಿಯುವ ಸೊಸೆಗೆ ‘ಸ್ವಲ್ಪ ಪ್ರಾಣಾಯಾಮ ಮಾಡು’ ಎಂದು ಹೇಳಿ ಉಳಿದವರೆಲ್ಲ ತಮ್ಮ ಪಾಡಿಗೆ ತಾವಿದ್ದರೆ ಅದು ಅನ್ಯಾಯ. ಅರಿವು ಎಂಬುದು ಹೆಚ್ಚು ಭಾರ ಹೊರಲು ಕೊಡುವ ಶಕ್ತಿಮದ್ದಾಗಬಾರದು. ಭಾರ ಎಲ್ಲಿ ಹೆಚ್ಚಾಗಿದೆ ಎಂದು ತೋರಿಸಿ, ಅದನ್ನು ಹಂಚಿಕೊಳ್ಳಿ ಎಂದು ಕೇಳುವುದಕ್ಕೆ ಅದು ನೆರವಾಗಬೇಕು.

ಮನೆಯವರೊಡನೆ ಮಾತನಾಡುವಾಗ ‘ನನಗೆ ಸಾಕಾಗಿದೆ’ ಎಂದರೆ ‘ಎಲ್ಲರಿಗೂ ಸಾಕಾಗಿದೆ’ ಎಂಬ ಉತ್ತರ ಬರುತ್ತದೆ. ‘ಮೂರು ವಾರದಿಂದ ರಾತ್ರಿ ನಾಲ್ಕು ಗಂಟೆಗಿಂತ ಹೆಚ್ಚು ನಿದ್ರೆಯಾಗಿಲ್ಲ, ಕೈ ನಡುಗುತ್ತಿದೆ, ಮೊನ್ನೆ ಮಾತ್ರೆ ಅದಲುಬದಲಾಗುವುದರಲ್ಲಿತ್ತು, ಶನಿವಾರ ಮತ್ತು ಭಾನುವಾರ ರಾತ್ರಿ ನೀವು ನೋಡಿಕೊಳ್ಳಬೇಕು’ ಎಂದರೆ ಅದನ್ನು ತಳ್ಳಿಹಾಕುವುದು ಕಷ್ಟ. ಇದಕ್ಕಾಗಿಯೇ ಚಿಕ್ಕ ನೋಟ್ ಪುಸ್ತಕವೊಂದರಲ್ಲಿ ದಿನಕ್ಕೆ ಎರಡು ಸಾಲು ಬರೆದಿಡಿ: ನಿದ್ರೆಯ ಗಂಟೆಗಳು, ಮೈಯಲ್ಲಿ ಕಂಡದ್ದು, ಭಾವನೆಯ ಹೆಸರು. ದೂರದಲ್ಲಿರುವ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ಆ ಪುಟದ ಫೋಟೋ ತೆಗೆದು ಕಳುಹಿಸಿದರೂ ಆದೀತು.

ನಾನು ಅಮೆರಿಕದಲ್ಲಿದ್ದೇನೆ. ಊರಿನಲ್ಲಿ ತಂಗಿ ಅಪ್ಪನನ್ನು ನೋಡಿಕೊಳ್ಳುತ್ತಿದ್ದಾಳೆ. ನನಗೂ ಒತ್ತಡವಿದೆ ಎಂದರೆ ಯಾರೂ ನಂಬುವುದಿಲ್ಲ.

ನಿಮ್ಮ ಒತ್ತಡವೂ ನಿಜ. ಹೊತ್ತಲ್ಲದ ಹೊತ್ತಿನಲ್ಲಿ ಊರಿನ ಸಂಖ್ಯೆಯಿಂದ ಫೋನ್ ಬಂದಾಗ ಹೊಟ್ಟೆಯಲ್ಲಿ ಆಗುವ ಸಂಕಟ ನಿಮಗೆ ಗೊತ್ತಿದೆ. ಆದರೆ ಆ ಸಂಕಟ ಬಂದಾಗ ದೂರದಲ್ಲಿರುವವರು ಮಾಡುವ ಒಂದು ಕೆಲಸವನ್ನು ಗಮನಿಸಿ: ತಂಗಿಗೆ ಫೋನ್ ಮಾಡಿ ಇನ್ನೊಬ್ಬ ವೈದ್ಯರನ್ನು ತೋರಿಸು, ಆ ಮಾತ್ರೆ ಬೇಡ, ಇಂಟರ್‌ನೆಟ್‌ನಲ್ಲಿ ಹೀಗಿದೆ ಎಂದು ಸೂಚನೆಗಳನ್ನು ಕೊಡುವುದು. ಅದು ನಿಮ್ಮ ತಪ್ಪಿತಸ್ಥ ಭಾವವನ್ನು ಅವಳ ಹೆಗಲಿಗೆ ದಾಟಿಸುವ ಕ್ರಿಯೆ. ಸೂಚನೆ ಕೊಡಬೇಕೆನ್ನಿಸಿದಾಗ ಒಂದು ನಿಮಿಷ ನಿಂತು ಆ ಭಾವಕ್ಕೆ ಹೆಸರಿಡಿ. ಆಮೇಲೆ ಫೋನ್ ಮಾಡಿ ‘ನೀನು ಊಟ ಮಾಡಿದೆಯಾ’ ಎಂದು ಮೊದಲು ಕೇಳಿ, ರಾತ್ರಿ ಪಾಳಿಗೆ ಒಬ್ಬ ಸಹಾಯಕಿಯ ಸಂಬಳವನ್ನು ನೀವು ವಹಿಸಿಕೊಳ್ಳಿ.

ತಜ್ಞರ ನೆರವು ಯಾವಾಗ ಬೇಕು? ಎಲ್ಲಿ ಸಿಗುತ್ತದೆ?

ಎರಡು ವಾರಗಳಿಗಿಂತ ಹೆಚ್ಚು ಕಾಲ ದಿನದ ಬಹುಹೊತ್ತು ದುಃಖ ಅಥವಾ ಯಾವುದರಲ್ಲೂ ಆಸಕ್ತಿಯಿಲ್ಲದ ಸ್ಥಿತಿ, ನಿದ್ರೆ ಮತ್ತು ಹಸಿವು ಕೆಡುವುದು, ಮದ್ಯ ಅಥವಾ ನಿದ್ರೆಮಾತ್ರೆಯ ಮೊರೆ ಹೋಗುವುದು, ಸಾವಿನ ಆಲೋಚನೆ ಇವುಗಳಲ್ಲಿ ಯಾವುದಿದ್ದರೂ ತಜ್ಞರನ್ನು ಕಾಣಬೇಕು. ಗಂಡಸರಲ್ಲಿ ಇದು ಹಲವು ಬಾರಿ ದುಃಖವಾಗಿ ಕಾಣದೆ ಸಿಡುಕಾಗಿ, ಕುಡಿತವಾಗಿ, ಮನೆಗೆ ತಡವಾಗಿ ಬರುವುದಾಗಿ ಕಾಣುತ್ತದೆ.

ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತವಾಗಿದೆ ಮತ್ತು ಕನ್ನಡದಲ್ಲಿ ಮಾತನಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆಯನ್ನು ರೂಪಿಸುವುದರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಪಾತ್ರ ವಹಿಸಿದೆ. ರೋಗಿಯನ್ನು ಬಿಟ್ಟು ಹೊರಗೆ ಹೋಗಲಾಗದವರಿಗೆ ಫೋನಿನಲ್ಲಿಯೇ ಸಿಗುವ ಈ ನೆರವು ಬಹಳ ಉಪಯುಕ್ತ. ಜಿಲ್ಲಾ ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯ ವಿಭಾಗಗಳಿವೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರಗಳಂದು ಮನೋವೈದ್ಯರ ಸೇವೆ ಒದಗಿಸುವ ‘ಮನೋಚೈತನ್ಯ’ ಎಂಬ ಕಾರ್ಯಕ್ರಮವೂ ಕರ್ನಾಟಕದಲ್ಲಿದೆ. ನಿಮ್ಮ ತಾಲ್ಲೂಕಿನಲ್ಲಿ ಯಾವ ದಿನ ಎಂದು ಆಸ್ಪತ್ರೆಯಲ್ಲಿಯೋ ಆಶಾ ಕಾರ್ಯಕರ್ತೆಯರಲ್ಲಿಯೋ ವಿಚಾರಿಸಿ. ಮನಸ್ಸಿನ ಚಿಕಿತ್ಸೆ ಹಳ್ಳಿಯ ಬಾಗಿಲಿಗೆ ಬರಬೇಕೆಂಬ ಪ್ರಯತ್ನ ನಮ್ಮ ರಾಜ್ಯಕ್ಕೆ ಹೊಸದಲ್ಲ. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಊರಿನವರಿಗೆ ತಿಳಿದೀತು ಎಂದು ಹಿಂಜರಿಯುವವರಿಗೆ ಒಂದು ಮಾತು: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಚಿಕಿತ್ಸೆಯ ವಿವರಗಳನ್ನು ಗುಟ್ಟಾಗಿಡಬೇಕೆಂಬುದು ನಿಮ್ಮ ಹಕ್ಕು.

ಅವರು ತೀರಿಕೊಂಡು ಮೂರು ತಿಂಗಳಾಯಿತು. ಈಗಲೂ ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತದೆ. ಏಕೆ?

ನಿಮ್ಮ ಮೈ ವರ್ಷಗಟ್ಟಲೆ ಆ ಹೊತ್ತಿಗೆ ಎದ್ದು ಮಗ್ಗುಲು ಬದಲಿಸಿದೆ, ನೀರು ಕುಡಿಸಿದೆ. ಆ ಕೆಲಸ ಇನ್ನಿಲ್ಲ ಎಂಬ ಸುದ್ದಿ ಮನಸ್ಸಿಗೆ ತಲುಪಿದಷ್ಟು ಬೇಗ ಮೈಗೆ ತಲುಪುವುದಿಲ್ಲ. ಹಾಗೆ ಎಚ್ಚರವಾದಾಗ ಎದ್ದು ಗಡಿಯಾರವನ್ನಾಗಲೀ ಫೋನನ್ನಾಗಲೀ ನೋಡಬೇಡಿ. ಮಲಗಿದಲ್ಲಿಯೇ ಕೈಯನ್ನು ಹೊಟ್ಟೆಯ ಮೇಲಿಟ್ಟು ಉಸಿರು ಏರಿಳಿಯುವುದನ್ನು ಗಮನಿಸಿ, ಅಳು ಬಂದರೆ ಅಳಿ. ಇಪ್ಪತ್ತು ನಿಮಿಷವಾದರೂ ನಿದ್ರೆ ಬಾರದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಸ್ವಲ್ಪ ಹೊತ್ತು ಕುಳಿತು, ನಿದ್ರೆ ತೂಗಿದಾಗ ಮತ್ತೆ ಮಲಗಿ. ನನಗೆ ಹೀಗೆ ಎಚ್ಚರವಾಗುವುದು ನಿಲ್ಲಲು ಒಂದು ವರ್ಷವೇ ಬೇಕಾಯಿತು. ಆ ವರ್ಷ ನಾನು ರಾತ್ರಿ ಎದ್ದಾಗಲೆಲ್ಲ ಒಂದು ಲೋಟ ನೀರು ಕುಡಿಯುತ್ತಿದ್ದೆ, ಅಮ್ಮನಿಗೆ ಕುಡಿಸುತ್ತಿದ್ದ ಅದೇ ಲೋಟದಲ್ಲಿ.